ಹಕಾರಕ್ಕೊಂದು ಚುಕ್ಕಿ

“ಅರವೆ ತಂಡಕ್ಕೆ ಇನ್ನೊಂದು ಪಾಯಿಂಟ್” ಅಂದದ್ದೇ ತಡ, ಬಸವಪ್ರಸಾದ್ ಕೈಚಾಚಿ ಕಾವ್ಯಶ್ರೀಯ ಮೈಕನ್ನು ಅಂಗೈಯಿಂದ ಮುಚ್ಚಿದರು.

“ಅರವೆ ಅಲ್ಲಮ್ಮ, ಹರವೆ. ಹ. ಹೊಟ್ಟೆಯಿಂದ ಬರಬೇಕು” ಅಂದು ನೋಟ್‌ಬುಕ್ಕಿನಲ್ಲಿ ಇನ್ನೊಂದು ಕೆಂಪು ಚುಕ್ಕಿ ಇಟ್ಟರು. ನುಂಗಿದ ಹಕಾರಕ್ಕೆ ಒಂದೊಂದು ಚುಕ್ಕಿ. ಮೊದಲರ್ಧ ಮುಗಿಯುವ ಹೊತ್ತಿಗೆ ಹನ್ನೊಂದಾಗಿದ್ದವು.

ಗುಂಡ್ಲುಪೇಟೆಯ ಮೈದಾನದಲ್ಲಿ ಅವತ್ತು ಹರವೆಗೂ ಸಂತೆಮರಹಳ್ಳಿಗೂ ಕಬಡ್ಡಿ ಫೈನಲ್. ಚಾಮರಾಜನಗರದ ಕೇಬಲ್ ಚಾನೆಲ್ಲಿನಲ್ಲಿ ಎರಡು ವರ್ಷ ಕಾಮೆಂಟರಿ ಹೇಳುವ ಬಸವಪ್ರಸಾದರ ಪಕ್ಕ ಕೂತು ಸ್ಕೋರ್ ಚೀಟಿ ಬರೆದ ಹುಡುಗಿಗೆ ಮೊದಲ ಸಲ ಮೈಕು ಸಿಕ್ಕಿತ್ತು. ಸಂಜೆ ರೆಕಾರ್ಡಿಂಗಿನ ಜೊತೆ ಆ ಚುಕ್ಕಿಗಳ ಹಾಳೆಯೂ ಚಾನೆಲ್ಲಿನ ಯಜಮಾನರ ಮೇಜಿಗೆ ಹೋಗುತ್ತದೆ. ಅವರು ಹೂಂ ಅಂದರೆ ಈ ವರ್ಷದ ಪಂದ್ಯಗಳೆಲ್ಲ ಅವಳ ಬಾಯಲ್ಲಿ. ಊಹೂಂ ಅಂದರೆ ಮತ್ತೆ ಅದೇ ಚೀಟಿ, ಅದೇ ಪೆನ್ನು.

ಹೆದರಿಕೆ ಅನ್ನುವುದು ಬಲು ಕೆಟ್ಟ ಮೇಷ್ಟ್ರು. ಎರಡನೇ ಅರ್ಧದಲ್ಲಿ ಕಾವ್ಯಶ್ರೀ ಸಿಕ್ಕಸಿಕ್ಕಲ್ಲೆಲ್ಲ ಹಕಾರ ಸುರಿದಳು. “ಹೆಂಟನೇ ನಂಬರಿನ ಹಾಟಗಾರ ಹೌಟ್” ಅನ್ನುವುದು ಸ್ಪೀಕರಿನಲ್ಲಿ ಮೊಳಗಿತು. “ಹೌಟ್ ಅಂದ್ರೆ ಯಾವ್ ಸೀಮೆ ಔಟ್ಲಾ?” ಅಂತ ಯಾರೋ ಕೂಗಿದರು. ಮೈದಾನ ಘೊಳ್ಳೆಂದಿತು. ಬಸವಪ್ರಸಾದ್ ಹಣೆ ಒತ್ತಿಕೊಂಡರು. ಇಲ್ಲದ ಹಕಾರಕ್ಕೆ ಯಾವ ಬಣ್ಣದ ಚುಕ್ಕಿ ಇಡಬೇಕೋ ಅವರಿಗೂ ಗೊತ್ತಿರಲಿಲ್ಲ.

ಟೈಮ್ ಔಟ್ ಆಯಿತು. ಪಂದ್ಯ ನೋಡಲು ಹರವೆಯಿಂದ ಬಂದಿದ್ದ ಅವಳ ಅಜ್ಜಿ ದೊಡ್ಡಮಲ್ಲಮ್ಮ ಶಾಮಿಯಾನದ ಹಿಂದಿನಿಂದ ಮಜ್ಜಿಗೆ ಬಾಟಲಿ ಚಾಚಿದಳು.

“ಅದ್ಯಾಕಮ್ಮಿ ನಾಯಿ ತೇಕ್ದಂಗೆ ಮಾತಾಡ್ತಿದ್ದೀಯೆ?”

“ನಮ್ ಸಾರ್‌ಗೆ ಹ ಬೇಕಂತೆ ಕಣಜ್ಜಿ. ಅವ್ರು ಮೈಸೂರ್ನೋರು.”

ಅಜ್ಜಿ ಪರದೆ ಸರಿಸಿ ಬಗ್ಗಿ ನೋಡಿದಳು. ಬೊಚ್ಚುಬಾಯಿ ಮೆಲ್ಲಗೆ ಅಗಲವಾಯಿತು. “ಯಾವ ಮೈಸೂರು? ನಮ್ಮ ಅರವೆ ಚಿಕ್ಕಮಲ್ಲಪ್ಪನ ಮಗ ಪರ್ಸಾದಿ ಕಣಮ್ಮಿ ಅವ್ನು. ಕಬಡ್ಡಿ ಅಂದ್ರೆ ದ್ಯಾವ್ರು ಬಂದಂಗಾಡೋನು. ನಮ್ಮ ಜಗಲಿ ಕಂಬಕ್ಕೆ ಗುದ್ದಿ ಅಲ್ಲು ಮುರ್ಕಂಡಿದ್ದ. ಅರವೆ ಸೋತ್ರೆ ಅವತ್ತು ಉಣ್ತಿರ್ನಿಲ್ಲ.”

ಕಾವ್ಯಶ್ರೀ ಮಜ್ಜಿಗೆ ಗುಟುಕರಿಸುತ್ತ ಸ್ಕೋರ್ ಬೋರ್ಡು ನೋಡಿದಳು. ಎರಡೂ ತಂಡ ಸಮಸಮ. ಉಳಿದದ್ದು ಮೂರೇ ನಿಮಿಷ. ಈಗ ಮೈಕು ಬಿಡುವುದು ಅಂದರೆ ಎರಡು ವರ್ಷ ಕಾದು ಸಿಕ್ಕಿದ್ದನ್ನು ಕೈಯಾರೆ ಬಿಟ್ಟ ಹಾಗೆ. ಬಿಡದೆ ಹಿಡಿದುಕೊಂಡರೂ ಹನ್ನೊಂದು ಚುಕ್ಕಿ ಎಲ್ಲಿ ಹೋಗುತ್ತವೆ? ಅವಳು ಕೆಮ್ಮಿದಳು. ಆಮೇಲೆ ಇನ್ನೊಂದು ಸಲ, ಸ್ವಲ್ಪ ಜೋರಾಗಿ.

“ಸಾರ್, ಗಂಟ್ಲು ಕಟ್ತು. ಕೊನೇ ಮೂರು ನಿಮಿಷ ನೀವೇ ನಡ್ಸಿ. ನೋಟ್‌ಬುಕ್ ಇತ್ಲಾಗ್ ಕೊಡಿ, ನಾನ್ ಬರೀತೀನಿ.”

“ಕೇಳಿ ಕಲಿ” ಅಂದು ಬಸವಪ್ರಸಾದ್ ಮೈಕು ತೆಗೆದುಕೊಂಡರು. “ಹರವೆಯ ಹುರಿಯಾಳುಗಳು ಹೊಸ ಹುರುಪಿನಿಂದ ಹೊರಟಿದ್ದಾರೆ...”

ಮೊದಲ ನಿಮಿಷ ಅವರ ಹಕಾರಗಳು ಪ್ರಾರ್ಥನೆಗೆ ನಿಂತ ಶಾಲೆಮಕ್ಕಳ ಹಾಗೆ ಸಾಲು ತಪ್ಪಲಿಲ್ಲ. ಎರಡನೇ ನಿಮಿಷಕ್ಕೆ ಅವರ ಒಂದು ಕಾಲು ಕುರ್ಚಿಯ ಮೇಲೆ ಬಂತು. ಮೂರನೆಯದಕ್ಕೆ ಇನ್ನೊಂದೂ ಬಂತು. ಸ್ಕೋರ್ ಇನ್ನೂ ಸಮ. ಕೊನೆಯ ರೇಡಿಗೆ ಸಂತೆಮರಹಳ್ಳಿಯ ಸೋಮೇಶ ಹರವೆಯವರ ಕಡೆಗೆ ನುಗ್ಗಿದ, ಒಬ್ಬನನ್ನು ಮುಟ್ಟಿದ, ನಡುಗೆರೆಯತ್ತ ತಿರುಗಿದ.

“ಇಡ್ಕಳ್ರಲಾ, ಇಡ್ಕಳ್ರಲಾ. ಅಯ್ಯೋ, ಓಯ್ತಾನೆ ಕಣ್ಲಾ, ಕಾಲ್ ಇಡಿ. ಬುಡ್ಬ್ಯಾಡ, ಬುಡ್ಬ್ಯಾಡ... ಇಡ್ದ. ನಮ್ಮ ಅರವೆ ಗೆದ್ಬುಡ್ತು ಕಣ್ರಪ್ಪೋ.”

ಮೈದಾನ ಎದ್ದು ಕುಣಿಯಿತು. “ಇವಾಗ ಏಳ್ದ ನೋಡು, ಬಾಯ್ತುಂಬ” ಅಂತ ಆ ಮೊದಲಿನ ದನಿಯೇ ಮೆಚ್ಚಿ ಕೂಗಿತು.

ಕುರ್ಚಿಯ ಮೇಲೆ ನಿಂತಿದ್ದ ಬಸವಪ್ರಸಾದ್ ಮೆಲ್ಲಗೆ ಕೆಳಗಿಳಿದರು. ರೆಕಾರ್ಡಿಂಗಿನ ದೀಪ ಇನ್ನೂ ಉರಿಯುತ್ತಲೇ ಇತ್ತು. ಅದನ್ನು ಆರಿಸಿ, ಪಕ್ಕಕ್ಕೆ ನೋಡಿದರು. ಕಾವ್ಯಶ್ರೀ ತಲೆ ಬಗ್ಗಿಸಿ, ರಂಗೋಲಿ ಇಡುವವಳ ಶ್ರದ್ಧೆಯಿಂದ ಕೆಂಪು ಪೆನ್ನು ಆಡಿಸುತ್ತಿದ್ದಳು.

“ಎಷ್ಟು?”

“ನಂದು ಮೊದ್ಲರ್ಧ ಪೂರ್ತಿ ಹನ್ನೊಂದು ಸಾರ್. ನಿಮ್ದು ಒಂದೇ ರೇಡಿಗೆ ಆರು. ‘ಬುಡ್ಬ್ಯಾಡ’ಕ್ಕೆ ಚುಕ್ಕಿ ಇಟ್ಟಿಲ್ಲ, ಅದ್ರಲ್ಲಿ ಹ ಇಲ್ಲ.”

ಬಸವಪ್ರಸಾದ್ ಹಾಳೆಯನ್ನು ಹರಿದು, ನಾಲ್ಕು ಮಡಿಕೆ ಮಾಡಿ ಜೇಬಿಗೆ ಹಾಕಿಕೊಂಡರು. “ಹಾಳೆ ಕೊಡೋದು ಬೇಡ. ಯಜಮಾನರ ಹತ್ತಿರ ನಾನೇ ಮಾತಾಡ್ತೀನಿ, ಈ ವರ್ಷ ನೀನೇ ನಡೆಸು” ಅಂದು ಮೈಕು ಚಾಚಿದರು. “ಈಗ ಕಪ್ ಕೊಡ್ತಾರೆ. ಗೆದ್ದೋರ ಹೆಸರು ಹೇಳು.”

ಕಾವ್ಯಶ್ರೀ ಮೈಕು ತೆಗೆದುಕೊಂಡು, ಅದನ್ನು ಅಂಗೈಯಿಂದ ಮುಚ್ಚಿ ಕೇಳಿದಳು: “ಹರವೆ ಅನ್ಲಾ ಸಾರ್, ಅರವೆ ಅನ್ಲಾ?”

ಪರದೆಯ ಸಂದಿಯಿಂದ ಮಜ್ಜಿಗೆ ಬಾಟಲಿ ಹಿಡಿದ ಒಂದು ಸುಕ್ಕುಗೈ ಒಳಗೆ ಬಂತು. “ಬಾಯಾರಿರ್ತದೆ ಕಣ್ಲಾ ಪರ್ಸಾದಿ, ತಕ್ಕೋ.”

ಬಸವಪ್ರಸಾದ್ ಬಾಟಲಿ ಇಸಿದುಕೊಂಡು ತಲೆ ತಗ್ಗಿಸಿದರು.

“ನಿಮ್ಮಜ್ಜಿ ಎಂಗಂತಾರೋ ಅಂಗೇ ಅನ್ನು, ಓಗು.”