ಎಪ್ಪತ್ತೆರಡೂವರೆ ಕಿಲೋ

ಅವನು ಬಾಟಲಿಗೆ ಮತ್ತೊಮ್ಮೆ ಉಗಿದ. ಎಂಜಲು ನೂಲಿನಂತೆ ಜೋತುಬಿದ್ದು, ಕಡಿಯಲೊಲ್ಲದೆ ಗಲ್ಲಕ್ಕೆ ಅಂಟಿತು. ಬೆರಳಿನಿಂದ ಬಳಿದು ಅದನ್ನೂ ಬಾಟಲಿಯೊಳಕ್ಕೆ ಜಾಡಿಸಿದ. ಮೈಯಿಂದ ಹೊರಗೆ ಹೋದದ್ದೆಲ್ಲ ಲಾಭ. ಇನ್ನೂ ಮುನ್ನೂರು ಗ್ರಾಂ ಇಳಿಯಬೇಕು. ತೂಕದ ಕೋಣೆ ಮುಚ್ಚಲು ನಲವತ್ತು ನಿಮಿಷ.

ಒಬ್ಬನೇ ಕೂತು ಎರಡು ಹುಟ್ಟು ಹಾಕುವ ದೋಣಿ, ಹಗುರ ತೂಕದ ಗಂಡಸರ ವಿಭಾಗ, ಅಂತರರಾಷ್ಟ್ರೀಯ ಫೈನಲ್. ಮೈತೂಕ ಎಪ್ಪತ್ತೆರಡೂವರೆ ಕಿಲೋ ದಾಟಿದರೆ ದೋಣಿ ನೀರಿಗಿಳಿಯುವ ಹಾಗಿಲ್ಲ.

ದೋಣಿಮನೆಯ ಹಿಂದಿನ ಸಿಮೆಂಟು ಅಂಗಳದಲ್ಲಿ, ಬಿಸಿಲಿಗೆ ಎದುರಾಗಿ, ನಿಂತಲ್ಲೇ ನಿಲ್ಲುವ ಸೈಕಲ್ಲನ್ನು ಅವನು ತುಳಿಯುತ್ತಿದ್ದ. ಮೈಮೇಲೆ ಮೂರು ಸ್ವೆಟರ್, ಅದರ ಮೇಲೊಂದು ಪ್ಲಾಸ್ಟಿಕ್ ಕೋಟು. ಪ್ರತಿ ತುಳಿತಕ್ಕೂ ಕೋಟಿನ ಕತ್ತಿನಿಂದ ತನ್ನದೇ ಮೈಯ ಹುಳಿನಾತ ಮೂಗಿಗೆ ಬಡಿಯುತ್ತಿತ್ತು. ನಿನ್ನೆ ಮಧ್ಯಾಹ್ನದಿಂದ ಹೊಟ್ಟೆಗೆ ಬಿದ್ದದ್ದು ಅರ್ಧ ಸೇಬು.

ಅಣ್ಣ ಎದುರಿನ ನೆರಳಿನಲ್ಲಿ ನಾಲ್ಕನೆಯ ಬಾಳೆಹಣ್ಣು ಸುಲಿಯುತ್ತಿದ್ದ. ತಲೆಗೆ ಟೋಪಿ, ಕಣ್ಣಿಗೆ ಕಪ್ಪು ಕನ್ನಡಕ, ಈ ಸೆಕೆಯಲ್ಲೂ ಬಾಯಿ ಮುಚ್ಚುವಂತೆ ಸುತ್ತಿದ ಮಫ್ಲರ್. ತಿನ್ನಲು ಮಾತ್ರ ಅದನ್ನು ಕೆಳಗೆ ಸರಿಸುತ್ತಿದ್ದ. ಅಗಿಯುವ ಸದ್ದು ಅಂಗಳ ದಾಟಿ ಕೇಳುತ್ತಿತ್ತು.

"ನಿಲ್ಲಿಸ್ಬೇಡ ಕಣೋ, ತುಳಿ."

"ತಲೆ ಸುತ್ತುತ್ತೆ ಕಣೋ."

"ತೂಕದ ಯಂತ್ರದ ಮೇಲೆ ಒಂದ್ನಿಮಿಷ ನೆಟ್ಟಗೆ ನಿಂತ್ಕೋ, ಸಾಕು. ನೀರಿನ ಮೇಲಿಂದು ನಂಗೆ ಬಿಡು."

"ಇದೇ ಕೊನೆ ಅಂದಿದ್ದೆ ನೀನು. ಮಾತು ಕೊಟ್ಟಿದ್ದೆ."

ಅಣ್ಣ ಸಿಪ್ಪೆಯನ್ನು ಕಾಲಿನಿಂದ ಪಕ್ಕಕ್ಕೆ ತಳ್ಳಿದ. "ಮುಂದಿನ ವರ್ಷದ್ದಕ್ಕೂ ಹೆಸರು ಕೊಟ್ಟಾಯ್ತು. ಗೆಲ್ಲೋ ಹೊತ್ತಲ್ಲಿ ಯಾರಾದ್ರೂ ಬಿಡ್ತಾರೇನೋ? ನಿನ್ನ ಹೊಟ್ಟೆ ಏನು ಸವೆದು ಹೋಗುತ್ತಾ?"

ಅವನು ತುಳಿಯುತ್ತಲೇ ಇದ್ದ. ಬಾಟಲಿಗೆ ಉಗಿದ. ಈ ಸಲ ಬಾಯಲ್ಲಿ ಏನೂ ಇರಲಿಲ್ಲ. ಮೂರು ವರ್ಷ. ಪ್ರತಿ ಸ್ಪರ್ಧೆಗೂ ಮುಂಚೆ ಇದೇ ನಾತ, ಇದೇ ಅಂಟು. ಇನ್ನೊಂದು ವರ್ಷ ಎಂದು ನೆನೆದೊಡನೆ ಖಾಲಿ ಹೊಟ್ಟೆಯೊಳಗಿಂದ ಕಹಿ ಗಂಟಲಿಗೆ ಬಂತು. ಅದನ್ನೂ ಉಗಿದ.

ತೂಕದ ಕೋಣೆಯ ಬಾಗಿಲಲ್ಲಿ ಎಲ್ಲರೂ ಕಡ್ಡಿ ಎಂದು ಕರೆಯುವ ಸ್ಪರ್ಧಿ ಕಸದ ಡಬ್ಬಿಗೆ ತಲೆ ತೂರಿಸಿ ಓಕರಿಸುತ್ತಿದ್ದ. ಬಾಯಿ ಒರೆಸಿಕೊಂಡು ಮೇಲೆದ್ದವನೇ ನಕ್ಕ. ಒಣಗಿದ ತುಟಿ ನಡುವೆ ಸೀಳಿತು.

"ನಿನ್ನೆ ಸೆಮಿಫೈನಲ್ಲಲ್ಲಿ ನನ್ನ ಮೂಗಿನ ಮುಂದೇ ದಾಟಿ ಹೋದ್ಯಲ್ಲೋ ಪುಣ್ಯಾತ್ಮ! ತೂಗೋವಾಗ ಹೆಣದ ಥರ ಇದ್ದೆ. ಎರಡು ಗಂಟೇಲಿ ಗೂಳಿ ಆಗ್ಬಿಟ್ಟೆ. ಮಧ್ಯದಲ್ಲಿ ಏನು ಮಾಡ್ದೆ, ನಿಜ ಹೇಳು."

"ಮಲ್ಕೊಂಡಿದ್ದೆ."

ಕಡ್ಡಿ ಹೊಟ್ಟೆ ಹಿಡಿದುಕೊಂಡು ನಕ್ಕ. ನಗಲು ಅಲ್ಲಿ ಹೊಟ್ಟೆಯೇ ಉಳಿದಿರಲಿಲ್ಲ. "ಎರಡೂ ಅಂಗೈಗೆ ಏನದು ಇಷ್ಟೊಂದು ಬ್ಯಾಂಡೇಜು? ಬೊಬ್ಬೆ ಒಡೀತಾ?"

"ಹ್ಞೂಂ," ಎಂದು ಅವನು ಕೈಗಳನ್ನು ಕೋಟಿನೊಳಗೆ ಎಳೆದುಕೊಂಡ.

ಒಳಗೆ ಬೆವರು, ವಾಂತಿ, ಒದ್ದೆ ಬಟ್ಟೆ ಎಲ್ಲ ಸೇರಿ ಗಾಳಿ ಗಟ್ಟಿಯಾಗಿತ್ತು. ಕಡ್ಡಿ ಮೊದಲು ಹತ್ತಿದ. ಸರಿಯಾಗಿ ಎಪ್ಪತ್ತೆರಡೂವರೆ. ಕೆಳಗಿಳಿದು ಮೂಲೆಯಲ್ಲಿ ಕುಸಿದು ಕೂತ. ನೀರಿನ ಲೋಟವನ್ನು ಎರಡೂ ಕೈಯಲ್ಲಿ ಹಿಡಿದರೂ ಅರ್ಧ ಎದೆಯ ಮೇಲೇ ಚೆಲ್ಲಿತು. ಚೆಲ್ಲಿದ್ದನ್ನು ಅಂಗಿಯಿಂದ ಚೀಪತೊಡಗಿದ. ಸರದಿಗೆ ಕಾಯುತ್ತಿದ್ದ ಅವನಿಗೆ ನೋಡಲಾಗಲಿಲ್ಲ. ಕಡ್ಡಿಯ ಮೇಲೆ ಹೇಸಿಗೆ ಬರಲಿಲ್ಲ, ತನ್ನ ಮೇಲೆ ಬಂತು.

ಅವನ ಸರದಿ. ಅಂಕೆಗಳು ಓಡಾಡಿ ನಿಂತವು. ಎಪ್ಪತ್ತೆರಡು ಪಾಯಿಂಟ್ ನಾಲ್ಕು.

"ಪಾಸ್," ಎಂದ ಅಧಿಕಾರಿಣಿ ಹಳದಿ ಪ್ಲಾಸ್ಟಿಕ್ ಪಟ್ಟಿಯೊಂದನ್ನು ತೆಗೆದರು. "ಇದು ಹೊಸದು, ಫೈನಲ್‌ಗೆ ಮಾತ್ರ. ಇದಿಲ್ದೆ ಯಾರನ್ನೂ ದೋಣಿಗೆ ಬಿಡಲ್ಲ. ಒಮ್ಮೆ ಬಿಗಿದ್ರೆ ಕತ್ತರಿಸೇ ತೆಗೀಬೇಕು, ಕತ್ತರಿಸಿದ್ರೆ ಲೆಕ್ಕಕ್ಕಿಲ್ಲ. ಹುಟ್ಟು ಎಳೆಯೋವಾಗ ಉಜ್ಜುತ್ತೆ ಅಂತ ಕೆಲವರು ಗುರುತಿನ ಚೀಟಿಗೇ ಹಾಕಿಸ್ಕೊಳ್ತಾರೆ. ನಿಮಗೆಲ್ಲಿ ಹಾಕ್ಲಿ?"

ಕಿಟಕಿಯಾಚೆ ಅಣ್ಣ ಬೆರಳು ನೆಕ್ಕುತ್ತಾ ಶೌಚಾಲಯದ ಕಡೆಗೆ ಹೊರಟಿದ್ದ. ಅವನು ಅದನ್ನೇ ಸ್ವಲ್ಪ ಹೊತ್ತು ನೋಡಿದ.

"ಕೈಗೇ ಹಾಕಿ ಮೇಡಂ. ಬಿಗಿಯಾಗಿ."

"ಉಜ್ಜಿದ್ರೆ ಆಮೇಲೆ ನನ್ನ ಬೈಬಾರ್ದು."

"ಉಜ್ಜಲ್ಲ."

ಎರಡು ಲೋಟ ನೀರು ಕುಡಿದ. ಮೂರನೆಯದನ್ನು ನಿಧಾನವಾಗಿ, ಬಾಯಲ್ಲಿ ಹೊರಳಿಸಿ ಕುಡಿದ. ಮಣಿಕಟ್ಟಿನಲ್ಲಿ ಪಟ್ಟಿ ಚರ್ಮಕ್ಕೆ ಕಚ್ಚಿಕೊಂಡಿತ್ತು.

ಶೌಚಾಲಯದ ಕೊನೆಯ ಬಾಗಿಲು ಒಳಗಿನಿಂದ ತೆರೆದು, ಅವನನ್ನು ಎಳೆದುಕೊಂಡು, ಮತ್ತೆ ಮುಚ್ಚಿತು. ಫಿನಾಯಿಲ್, ಮೂತ್ರ, ಬಾಳೆಹಣ್ಣಿನ ಉಸಿರು. ಅಣ್ಣ ಟೋಪಿ, ಕನ್ನಡಕ, ಮಫ್ಲರ್ ಎಲ್ಲ ಕಿತ್ತು ಕೊಕ್ಕೆಗೆ ಎಸೆದ.

"ಬೇಗ ಬಿಚ್ಚು. ಅಂಗಿ, ಗುರುತಿನ ಚೀಟಿ, ಎಲ್ಲಾ ಕೊಡು. ಹೊತ್ತಾಯ್ತು."

ಅವನು ಚೀಟಿ ಕೊಟ್ಟ. ಆಮೇಲೆ ಮಣಿಕಟ್ಟು ಎತ್ತಿ ತೋರಿಸಿ, ಇದಿಲ್ಲದೆ ಯಾರನ್ನೂ ದೋಣಿಗೆ ಬಿಡುವುದಿಲ್ಲ ಎಂದ. ಅಣ್ಣ ಅದನ್ನು ಹಿಡಿದೆಳೆದ, ಹಲ್ಲಿನಿಂದ ಕಚ್ಚಿದ. ಹಳದಿ ಪಟ್ಟಿಯ ಮೇಲೆಲ್ಲ ಎಂಜಲಾಯಿತು, ಪಟ್ಟಿ ಅಲ್ಲಾಡಲಿಲ್ಲ.

"ಏನೋ ಮಾಡ್ಕೊಂಡು ಬಂದೆ, ದರಿದ್ರದವ್ನೇ!"

ಹೊರಗೆ ಧ್ವನಿವರ್ಧಕ ಅಣ್ಣನ ಹೆಸರು ಹಿಡಿದು ಮೂರನೆಯ ಸಾಲಿನ ಸ್ಪರ್ಧಿಯನ್ನು ದೋಣಿಯ ತಪಾಸಣೆಗೆ ಕೂಗಿತು. ಎದುರಿಗಿದ್ದದ್ದು ಅವನದೇ ಮುಖ. ಅದೇ ಹುಬ್ಬು, ಅದೇ ಮೂಗು, ಆರು ಕಿಲೋ ಹೆಚ್ಚು.

ಅಣ್ಣನಿಗಾಗಿ ಮೂರು ವರ್ಷ ತೂಕದ ಯಂತ್ರ ಹತ್ತಿದ್ದ ಆ ಅವಳಿ ತಮ್ಮ ಹುಟ್ಟಿದಾಗಿನಿಂದ ಒಮ್ಮೆಯೂ ದೋಣಿ ಹತ್ತಿರಲಿಲ್ಲ.