ಅಪ್ಪ ಡೈನೋಸಾರಿನ ಗೆರೆ

ಅಪ್ಪ ಡೈನೋಸಾರಿನ ಬೆನ್ನ ಮೇಲಿನ ಹಳದಿ ಗೆರೆ ನೇರವಾಗಿ ಬರಬೇಕಿತ್ತು. ಲಕ್ಕಯ್ಯನ ಕೈಯಲ್ಲಿ ನಡುಗುತ್ತಾ ಬಂತು. ಎರಡು ಮರಿಗಳ ಬೆನ್ನ ಮೇಲೂ ಹಾಗೇ ಬಂತು. ಚನ್ನಪಟ್ಟಣದ ಆ ಗೊಂಬೆ ಕಾರ್ಖಾನೆಯಲ್ಲಿ ಬಣ್ಣ ಬರೆಯುವ ಖತೀಜಾ ಅಂದು ರಜೆ ಹಾಕಿದ್ದಳು, ಅವಳ ಬದಲು ಇವನು ಕೂತಿದ್ದ. ಕಾರ್ಟೂನ್ ಕಂಪನಿಯೊಂದಕ್ಕೆ ಸ್ಯಾಂಪಲ್ ಸಂಜೆಯೊಳಗೆ ಹೊರಡಬೇಕಿತ್ತು. ಸೂಪರ್‌ವೈಸರ್ ಜಯಕುಮಾರ್ ಮೂರನ್ನೂ ತಿರುಗಿಸಿ ನೋಡಿ, ಬೈಯಲೂ ಹೊತ್ತಿಲ್ಲದೆ ಡಬ್ಬಕ್ಕೆ ತುಂಬಿಸಿದ.

ಹದಿನೈದು ದಿನಕ್ಕೆ ಉತ್ತರ ಬಂತು. ಕಾರ್ಟೂನ್ ಕಂಪನಿಯವರಿಗೆ ಗೆರೆ ಬಹಳ ಹಿಡಿಸಿತ್ತು. ಅಪ್ಪನ ಗುರುತು ಮಕ್ಕಳಿಗೂ ಬಂದಿದೆ, ಥೇಟ್ ಒಂದೇ ಮನೆಯವರಂತಿವೆ, ಹೀಗೇ ಐನೂರು ಸೆಟ್ ಬೇಕು ಎಂದು ಬರೆದಿದ್ದರು.

ಖತೀಜಾ ಎಷ್ಟು ಸೊಟ್ಟ ಎಳೆದರೂ ಗೆರೆ ಅಂದವಾಗಿಯೇ ಬರುತ್ತಿತ್ತು. ಕೊನೆಗೆ ಲಕ್ಕಯ್ಯನನ್ನೇ ಕೂರಿಸಿದರು. ಎರಡು ವರ್ಷದ ಹಿಂದೆ ಉಳಿ ಜಾರಿ ಕಿರುಬೆರಳಿನ ತುದಿ ಹೋದ ಮೇಲೆ ಅವನನ್ನು ಮರ ಕಡೆಯುವ ಮಿಷನ್ನಿನಿಂದ ಎಬ್ಬಿಸಿ, ಬಾಲ ಅಂಟಿಸಲು ಹಾಕಿದ್ದರು. ಈಗ ಬ್ರಶ್ಶಿನ ಜೊತೆಗೆ ಕುರ್ಚಿ, ಮೇಲೊಂದು ಫ್ಯಾನೂ ಸಿಕ್ಕಿತು. ಅವನಪ್ಪ ನರಸಯ್ಯನಿಗೂ ಇದೇ ನಡುಕವಿತ್ತು. ಕುಡುಗೋಲು ಹಿಡಿಯಲಾಗದೆ ಕೊನೆಕೊನೆಗೆ ಕುರಿ ಹಿಂದೆ ಹೋಗುತ್ತಿದ್ದ. ಮನೆಯಲ್ಲಿ ಅದನ್ನು ಯಾರೂ ಕಾಯಿಲೆ ಎಂದು ಕರೆದಿರಲಿಲ್ಲ.

ಮುನ್ನೂರು ಸೆಟ್ ಮುಗಿಯಿತು. ಉಳಿದದ್ದಕ್ಕೆ ಒಂದೇ ವಾರ. ಜಯಕುಮಾರ್ ಎಲ್ಲರ ಕೈಗೂ ಬ್ರಶ್ ಕೊಟ್ಟು ನೋಡಿದ. ಲಕ್ಕಯ್ಯನ ಮಗ ಬೀರೇಶ್ ಮಾತ್ರ ಮಿಷನ್ ಬಿಟ್ಟು ಏಳಲಿಲ್ಲ. ಅವನಷ್ಟು ನಯವಾಗಿ ಕಡೆಯುವವರು ಅಲ್ಲಿ ಇನ್ನೊಬ್ಬರಿರಲಿಲ್ಲ.

“ನನ್ ಕೈಲಾಗಾಕಿಲ್ಲ ಸಾರ್, ಕೆಲ್ಸ ಐತೆ.”

“ಒಂದೇ ಒಂದ್ ಎಳಿಯಲೇ. ನಿಮ್ಮಪ್ಪ ಎಳೀತಾ ಇಲ್ವಾ?”

ಬೀರೇಶ್ ಎದ್ದು ಬಂದ. ಬ್ರಶ್ಶನ್ನು ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದ. “ಹಂಗಲ್ಲ, ಹಗೂರ ಹಿಡ್ಕೊ” ಎಂದ ಜಯಕುಮಾರ್. ಹಗುರ ಹಿಡಿದ. ಗೆರೆ ಬಂತು. ಜಯಕುಮಾರ್ ಅದನ್ನು ಲಕ್ಕಯ್ಯನ ಗೊಂಬೆಯ ಪಕ್ಕ ಇಟ್ಟು ನೋಡಿದ. ಯಾವುದು ಯಾರದೆಂದು ಅವನಿಗೇ ತಿಳಿಯಲಿಲ್ಲ.

“ರಕ್ತದಲ್ಲೇ ಬಂದೈತೆ ಕಣ್ಲಾ!” ಎಂದು ಬೆನ್ನು ತಟ್ಟಿದ. ಹೆಂಗಸರು ಚಪ್ಪಾಳೆ ಹೊಡೆದರು. ಲಕ್ಕಯ್ಯ ಗೊಂಬೆಯನ್ನು ನೋಡಲಿಲ್ಲ. ಮಗನ ಕೈಯನ್ನು ನೋಡಿದ. ಬೀರೇಶ್ ಅದನ್ನು ಜೇಬಿಗೆ ಇಳಿಸಿದ.

ಕೆಲಸ ಬಿಟ್ಟ ಮೇಲೆ ನಲ್ಲಿಯ ಹತ್ತಿರ ಲಕ್ಕಯ್ಯ ಕೇಳಿದ. “ಯಾವಾಗಿಂದ್ಲಾ?”

“ಯುಗಾದಿ ಕಳೆದ್ಮ್ಯಾಲಿಂದ. ಉಳಿ ಒತ್ತಿ ಹಿಡ್ದ್ರೆ ಗೊತ್ತಾಗಾಕಿಲ್ಲ.”

“ನಂಗೂ ಮೊದ್ಮೊದ್ಲು ಹಂಗೇ ಇತ್ತು.” ಲಕ್ಕಯ್ಯ ನಲ್ಲಿ ನಿಲ್ಲಿಸಿದ. “ನಾಳಿಂದ ಮಿಷನ್ ಬುಡು. ಇಬ್ರೂ ಗೆರೆ ಎಳೆಯವ.”

“ಐನೂರು ಮುಗುದ್ಮ್ಯಾಕೆ?”

ಲಕ್ಕಯ್ಯ ಸೈಕಲ್ ಸ್ಟ್ಯಾಂಡ್ ತೆಗೆದ. ಇಬ್ಬರೂ ತಮ್ಮೂರು ದೊಡ್ಡಮಳೂರಿನ ದಾರಿ ಹಿಡಿದರು. ಹೆಂಡತಿ ಅಂಬಮ್ಮನಿಗೆ ಸದ್ಯಕ್ಕೆ ತಿಳಿಸುವುದು ಬೇಡ ಎಂದಷ್ಟೇ ಮನೆಯ ತಿರುವಿನಲ್ಲಿ ಲಕ್ಕಯ್ಯ ಹೇಳಿದ. ಬೀರೇಶ್ ಹೂಂ ಅಂದ.

ಜಗಲಿಯ ಮೇಲೆ ಕೂತರು. ಅಂಬಮ್ಮ ಕಾಫಿ ತಂದಿಟ್ಟು ಒಳಗೆ ಹೋದಳು. ತುಳುಕದಿರಲಿ ಎಂದು ಗಂಡನ ಲೋಟಕ್ಕೆ ಅವಳು ಅರ್ಧವೇ ಹಾಕುವುದು. ಮಗನ ಲೋಟದಲ್ಲೂ ಅರ್ಧವೇ ಇತ್ತು.