ಬ್ರೆಡ್ಡಿನ ಗಾಡಿಗೆ ಹೊಕ್ಕ ಗಾಳಿ

"ಮತ್ತೆ ನಿಂತುಹೋಯ್ತು," ಎಂದ ಬ್ರೆಡ್ಡಿನವನು. ವಾರಕ್ಕೊಮ್ಮೆ ಅದೇ ಮಾತು, ಅದೇ ಡೀಸೆಲ್ ಪಿಕಪ್, ಅದೇ ನಾಚಿಕೆಯ ನಗು.

ಮೆಕ್ಯಾನಿಕ್ ಪುಟ್ಟಿ ಮುಖ ಗಂಟಿಕ್ಕಿಕೊಂಡೇ ಬಾನೆಟ್ ಎತ್ತಿದಳು. ಎದೆ ಮಾತ್ರ ತಾಳತಪ್ಪಿ ಕುಣಿಯುತ್ತಿತ್ತು.

"ಬೇಕರೀಲಿ ಕೆಲಸ ಇಲ್ವೇನಪ್ಪ ನಿಂಗೆ?" ಬಾಗಿಲ ಬಳಿಯ ಕುರ್ಚಿಯಿಂದ ಅಜ್ಜಿ ಕೇಳಿದಳು. ಗ್ಯಾರೇಜು ಕಟ್ಟಿದವಳೇ ಅವಳು. ಈಗ ಕಣ್ಣು ಮಂಜಾದರೂ ಹಟ ಬಿಟ್ಟಿಲ್ಲ. ಕೊನೆಗೊಮ್ಮೆ ತಾನು ನಟ್ಟುಬೋಲ್ಟುಗಳ ಮೇಲೆ ಕೈಯಾಡಿಸದೆ ಯಾವ ಗಾಡಿಯೂ ಗೇಟು ದಾಟುವಂತಿಲ್ಲ. ಪಾಪ, ಮುದುಕಿಯ ಸಮಾಧಾನ ಎಂದು ಪುಟ್ಟಿ ಅಡ್ಡಿ ಮಾಡುತ್ತಿರಲಿಲ್ಲ.

ಅಜ್ಜಿ ಚಹಾ ಇಡಲು ಎದ್ದು ಒಳಗೆ ಹೋದಳು.

ಫಿಲ್ಟರಿನಲ್ಲಿ ನೀರಿಲ್ಲ. ಟ್ಯಾಂಕಿನಲ್ಲಿ ಕಸವಿಲ್ಲ. ಪೈಪು ಬಿರುಕು ಬಿಟ್ಟಿಲ್ಲ. ಫಿಲ್ಟರಿನ ತಲೆಯ ಮೇಲೆ, ಗಾಳಿ ಹೊರಬಿಡಲೆಂದು ಬೆರಳಲ್ಲೇ ತಿರುಗಿಸುವ ಸಣ್ಣ ನಟ್ಟು ಮಾತ್ರ ಸಡಿಲ. ಅಲ್ಲಿಂದ ಡೀಸೆಲ್ಲಿನೊಳಗೆ ಗಾಳಿ ನುಸುಳಿ ಎಂಜಿನ್ ನಿಂತಿದೆ. ಹೋದ ಸಲವೂ ಹೀಗೇ, ಅದರ ಹಿಂದಿನ ಸಲವೂ ಹೀಗೇ. ತಾನಾಗಿ ಸಡಿಲವಾಗುವ ನಟ್ಟಲ್ಲ ಅದು.

ಓಹೋ. ಇವನೇ. ನನ್ನನ್ನು ನೋಡೋಕೆ.

ಪುಟ್ಟಿಗೆ ನೆಲ ಗೇಣುದ್ದ ಕೆಳಗಿಳಿದಂತಾಯಿತು.

"ಇನ್ನೊಂದು ಸಲ ನಿಂತ್ರೆ ಗಾಡಿ ಮಾರಿಬಿಡ್ತೀನಿ," ಎಂದ ಅವನು ಮೆಲ್ಲಗೆ. "ಅಣ್ಣನ ಊರಿಗೆ ಹೋಗಿ ಅವನ ಅಂಗಡೀಲೇ ಇರ್ತೀನಿ."

ನೆಲ ಧಡಕ್ಕನೆ ಮೇಲೆ ಬಂತು. ಹಾಗಾದರೆ ಇವನಲ್ಲವೇ? ಅಥವಾ ಇದೂ ನಾಟಕವೇ? ಪರೀಕ್ಷಿಸಿಯೇ ಬಿಡಬೇಕು. ನಟ್ಟು ಬಿಗಿ ಮಾಡಿ, ಗಾಳಿ ತೆಗೆದು, ಅವನು ಆಚೆ ತಿರುಗಿದಾಗ ಪುಟ್ಟಿ ನಟ್ಟಿನ ಅಂಚಿಗೆ ತನ್ನ ಕೆಂಪು ನೇಲ್ ಪಾಲಿಶ್ ಬಳಿದಳು.

ಅಜ್ಜಿ ಬಂದಳು, ಎಂದಿನಂತೆ ಕೈಯಾಡಿಸಿದಳು. "ಗಟ್ಟಿಯಾಗಿದೆ. ಹೋಗ್ಬಾಪ್ಪ."

ಪಿಕಪ್ ಬೀದಿಯ ತಿರುವಿನವರೆಗೆ ಹೋಯಿತು. ಕೆಮ್ಮಿತು. ನಿಂತಿತು.

ಪುಟ್ಟಿ ಓಡಿದಳು. ನಟ್ಟು ಸಡಿಲ. ಹಸಿ ಬಣ್ಣ ಒರೆಸಿಹೋಗಿದೆ. ತಿರುಗಿಸಿದ ಬೆರಳಿಗೆ ಅಂಟಿರಲೇಬೇಕು.

"ಕೈ ತೋರ್ಸಿ."

ಅವನು ಎರಡೂ ಕೈ ಚಾಚಿದ. ಬರೀ ಮೈದಾ ಹಿಟ್ಟು.

"ನನಗೆ ಬಾನೆಟ್ ತೆಗೆಯೋಕೇ ಬರಲ್ಲ ಕಣ್ರೀ."

ಪುಟ್ಟಿ ಬಾನೆಟ್ ಮುಚ್ಚಿದಳು. "ಹಾಗಾದ್ರೆ... ಮಾರಿಬಿಡ್ತೀರಾ?"

ಅವನು ಗಾಡಿಯನ್ನು ನೋಡಿದ, ಅವಳನ್ನು ನೋಡಿದ, ಕಿವಿ ಕೆಂಪಾಗಿಸಿಕೊಂಡ. "ಅಂದೇನೋ ಅಂದೆ. ಮಾರಿದ್ರೆ ಏನು ನೆಪ ಹೇಳ್ಕೊಂಡು ಇಲ್ಲಿಗೆ ಬರ್ಲಿ?"

ಇಬ್ಬರೂ ಗಾಡಿ ತಳ್ಳಿಕೊಂಡು ವಾಪಸು ಬಂದರು. ತಳ್ಳಿದ್ದಕ್ಕಿಂತ ನಕ್ಕಿದ್ದೇ ಹೆಚ್ಚು.

ಗ್ಯಾರೇಜಿನ ಬಾಗಿಲಲ್ಲಿ ಮೂರು ಲೋಟ ಚಹಾ ಆಗಲೇ ಆರುತ್ತಿತ್ತು.

"ಎಷ್ಟು ಹೊತ್ರೋ ಬರೋದು," ಎನ್ನುತ್ತ ಅಜ್ಜಿ ಒಂದು ಲೋಟ ಎತ್ತಿ ಅವನತ್ತ ಚಾಚಿದಳು. ಅವಳ ಹೆಬ್ಬೆರಳು ಕೆಂಪಗಿತ್ತು.